ಆರ್‌ಎಸ್‌ಐ ಮೂವತ್ತಕ್ಕೆ ಬಂದಿದೆ, ಬ್ಯಾಂಕ್ ಷೇರು ತಗೊಳ್ಳಬಹುದಾ?

2024ರ ಜನವರಿ 18, ಗುರುವಾರ ಸಂಜೆ. ನಮ್ಮ ಭಾವನ ಫೋನ್ ಬಂತು. "ಎಚ್‌ಡಿಎಫ್‌ಸಿ ಬ್ಯಾಂಕಿನ ಆರ್‌ಎಸ್‌ಐ ಮೂವತ್ತರ ಹತ್ತಿರ ಬಂದಿದೆ ಮಾರಾಯ. ಇಂಥ ಬ್ಯಾಂಕು ಇಷ್ಟು ಅಗ್ಗಕ್ಕೆ ಮತ್ತೆ ಸಿಗ್ತದಾ? ನಾಳೆ ಬೆಳಗ್ಗೆ ಹಾಕಿಬಿಡ್ಲಾ?"

ಈ ಒಂದು ಪ್ರಶ್ನೆಯಲ್ಲಿ ಎರಡು ಬೇರೆ ಮಾತು ಬೆರೆತಿವೆ. ಒಂದು, ಷೇರು ಎಷ್ಟು ಜೋರಾಗಿ ಬಿದ್ದಿದೆ ಅನ್ನೋದು. ಇನ್ನೊಂದು, ಅದು ಅಗ್ಗವಾಗಿದೆ ಅನ್ನೋದು. ಆರ್‌ಎಸ್‌ಐ (ರಿಲೇಟಿವ್ ಸ್ಟ್ರೆಂತ್ ಇಂಡೆಕ್ಸ್, ಇತ್ತೀಚಿನ ಏರಿಳಿತದ ಕಸುವನ್ನು 0ಯಿಂದ 100ರೊಳಗೆ ಅಳೆಯುವ ಸಂಖ್ಯೆ) ಹೇಳುವುದು ಮೊದಲನೆಯದನ್ನು ಮಾತ್ರ. ಎರಡನೆಯದರ ಬಗ್ಗೆ ಅದಕ್ಕೆ ಏನೇನೂ ಗೊತ್ತಿಲ್ಲ. ಬೆಲೆಯ ಓಟದ ಕಸುವು ಅಳೆಯುವ ಇಂಥ ಮೊಮೆಂಟಮ್ ಸೂಚಕಗಳನ್ನು ನೋಡುವವರಲ್ಲಿ ಅರ್ಧದಷ್ಟು ಜನ ಎಡವುವುದು ಇಲ್ಲೇ ಎಂದು ನನ್ನ ಅನಿಸಿಕೆ.

ಆ ವಾರ ಏನಾಗಿತ್ತು ಅಂದರೆ, 16ನೇ ತಾರೀಕು ಮಾರುಕಟ್ಟೆ ಮುಗಿದ ಮೇಲೆ ಬ್ಯಾಂಕ್ ತನ್ನ ಮೂರನೇ ತ್ರೈಮಾಸಿಕದ ಫಲಿತಾಂಶ ಕೊಟ್ಟಿತು. ನಿವ್ವಳ ಲಾಭ 16,373 ಕೋಟಿ ರೂಪಾಯಿ. ಹೊರನೋಟಕ್ಕೆ ದೂರುವಂಥದ್ದೇನೂ ಇಲ್ಲ. ಆದರೆ ಮರುದಿನ ಷೇರು ಸುಮಾರು 1,679 ರೂಪಾಯಿಯಿಂದ 1,537ರ ಆಸುಪಾಸಿಗೆ ಬಿತ್ತು. ಒಂದೇ ದಿನ ಶೇಕಡಾ 8ಕ್ಕಿಂತ ಜಾಸ್ತಿ. 2020ರ ಮಾರ್ಚ್‌ನ ಕೋವಿಡ್ ಕುಸಿತದ ನಂತರ ಈ ಷೇರು ಒಂದೇ ದಿನದಲ್ಲಿ ಅಷ್ಟು ಬಿದ್ದಿರಲಿಲ್ಲ. ವಿದೇಶಿ ಹೂಡಿಕೆ ಸಂಸ್ಥೆಗಳು ಆ ಒಂದು ದಿನ ನಮ್ಮ ಮಾರುಕಟ್ಟೆಯಲ್ಲಿ 10 ಸಾವಿರ ಕೋಟಿ ರೂಪಾಯಿಗೂ ಮೀರಿದ ಷೇರುಗಳನ್ನು ಮಾರಿದ್ದವು. 18ರಂದು ಮತ್ತೆ ಶೇಕಡಾ 3ಕ್ಕೂ ಹೆಚ್ಚು ಇಳಿತ. ಭಾವ ಫೋನ್ ಮಾಡಿದ್ದು ಆಗ.

(ಇಲ್ಲಿ ಹೇಳುವ ಬೆಲೆಗಳೆಲ್ಲ ಆ ಕಾಲದವು. 2025ರ ಆಗಸ್ಟ್‌ನಲ್ಲಿ ಬ್ಯಾಂಕ್ ಒಂದಕ್ಕೊಂದು ಬೋನಸ್ ಷೇರು ಕೊಟ್ಟಿತು, ಅಂದರೆ ಇದ್ದ ಪ್ರತಿ ಷೇರಿಗೆ ಇನ್ನೊಂದು ಉಚಿತ. ಈಗಿನ ಚಾರ್ಟ್ ತೆಗೆದರೆ ಇವೆಲ್ಲ ಅರ್ಧಕ್ಕರ್ಧ ಕಾಣುತ್ತವೆ. ಗಾಬರಿಯಾಗಬೇಡಿ.)

ಮೊಮೆಂಟಮ್ ಅಂದರೇನು ಅಂತ ಯಾರಾದರೂ ಕೇಳಿದರೆ ನಾನು ಶಿರಾಡಿ ಘಾಟಿಯ ರಾತ್ರಿ ಬಸ್ಸಿನ ಮಾತು ಹೇಳುತ್ತೇನೆ. ಮಂಗಳೂರಿನಿಂದ ಬೆಂಗಳೂರಿಗೆ ಹೊರಟ ಬಸ್ಸಿನಲ್ಲಿ ಕಣ್ಣು ಮುಚ್ಚಿ ಕೂತಿದ್ದೀರಿ. ಹೊರಗೆ ಏನೂ ಕಾಣಲ್ಲ. ಆದರೂ ಏರು ಬಂತು ಅಂತ ಗೊತ್ತಾಗುತ್ತದೆ. ಎಂಜಿನ್ ಸದ್ದು ಬದಲಾಗುತ್ತದೆ, ಗೇರು ಇಳಿಯುತ್ತದೆ, ಬಸ್ಸು ಮುಂದೆ ಹೋಗುತ್ತಲೇ ಇದ್ದರೂ ಏದುಸಿರು ಬಿಡುತ್ತದೆ. ಮೊಮೆಂಟಮ್ ಸೂಚಕ ಕೇಳಿಸಿಕೊಳ್ಳುವುದು ಈ ಸದ್ದನ್ನು. ಬೆಲೆ ಎಲ್ಲಿದೆ ಅನ್ನೋದಕ್ಕಿಂತ ಅದು ಯಾವ ಕಸುವಿನಲ್ಲಿ ಏರುತ್ತಿದೆ ಅಥವಾ ಇಳಿಯುತ್ತಿದೆ ಅನ್ನೋದು ಅದರ ವಿಷಯ. ಆದರೆ ಮುಂದಿನ ತಿರುವಿನಲ್ಲಿ ಗುಡ್ಡ ಜರಿದು ರಸ್ತೆಗೆ ಬಿದ್ದಿದ್ದರೆ? ಅದು ಎಂಜಿನ್ ಸದ್ದಿನಲ್ಲಿ ಕೇಳಿಸುವುದಿಲ್ಲ. ಜನವರಿ 17 ಅಂಥದ್ದೊಂದು ತಿರುವು.

ಈಗ ಆರ್‌ಎಸ್‌ಐ ಒಳಗೆ ಇಳಿಯೋಣ. ವೆಲ್ಸ್ ವೈಲ್ಡರ್ ಎಂಬ ಅಮೆರಿಕನ್ ಮೆಕ್ಯಾನಿಕಲ್ ಎಂಜಿನಿಯರ್ ಇದನ್ನು 1978ರಲ್ಲಿ ಪ್ರಕಟಿಸಿದ. ಸೂತ್ರ ನೋಡಿದರೆ ತಲೆ ತಿರುಗುತ್ತದೆ, ಆದರೆ ಒಳಗಿನ ಸಂಗತಿ ಸಣ್ಣದು. ಕಳೆದ 14 ದಿನಗಳ ಲೆಕ್ಕ ತೆಗೆದುಕೊಳ್ಳಿ. ಏರಿದ ದಿನಗಳ ಏರಿಕೆಯನ್ನೆಲ್ಲ ಕೂಡಿಸಿ, 60 ರೂಪಾಯಿ ಬಂತು ಅಂತಿಟ್ಟುಕೊಳ್ಳಿ. ಇಳಿದ ದಿನಗಳ ಇಳಿಕೆ ಕೂಡಿಸಿದರೆ 20 ರೂಪಾಯಿ. ಒಟ್ಟು ಓಡಾಟ 80 ರೂಪಾಯಿ. ಅದರಲ್ಲಿ ಮೇಲ್ಮುಖ ಓಡಾಟದ ಪಾಲು ಶೇಕಡಾ 75. ಆರ್‌ಎಸ್‌ಐ 75. ಇಷ್ಟೇ.

ಏರಿಕೆಯೂ ಇಳಿಕೆಯೂ ಸಮ ಆದರೆ 50. ಬರೀ ಏರಿಕೆ ಆದರೆ 100. ರೂಢಿಯಲ್ಲಿ 70 ದಾಟಿದರೆ ಓವರ್‌ಬಾಟ್ (ಅತಿಯಾಗಿ ಕೊಂಡದ್ದು) ಅನ್ನುತ್ತಾರೆ, 30ರ ಕೆಳಗೆ ಓವರ್‌ಸೋಲ್ಡ್ (ಅತಿಯಾಗಿ ಮಾರಿದ್ದು). ಈ ಎರಡು ಹೆಸರೇ ದೊಡ್ಡ ತಂಟೆ. ಓವರ್‌ಸೋಲ್ಡ್ ಅಂದ ಕೂಡಲೇ "ಮಾರುವವರೆಲ್ಲ ಮಾರಿ ಮುಗಿಸಿದ್ದಾರೆ, ಇನ್ನು ಏರೋದೇ" ಅಂತ ಕಿವಿಗೆ ಕೇಳಿಸುತ್ತದೆ. ಲೆಕ್ಕ ಅಂಥದ್ದೇನನ್ನೂ ಹೇಳಿಲ್ಲ. ಇತ್ತೀಚಿನ ಓಡಾಟದಲ್ಲಿ ಹೆಚ್ಚಿನ ಪಾಲು ಕೆಳಮುಖ ಅಂತ ಮಾತ್ರ ಹೇಳಿದೆ.

ವೈಲ್ಡರ್‌ನ ಲೆಕ್ಕದಲ್ಲಿ ಇನ್ನೊಂದು ಸೂಕ್ಷ್ಮ ಇದೆ. ಬ್ಯಾಂಕ್ ಷೇರು ನೋಡುವವರು ಇದನ್ನು ತಿಳಿದಿರಲೇಬೇಕು. ಮೊದಲ ಲೆಕ್ಕ ಬಿಟ್ಟರೆ ಅವನು ಏರಿಕೆಗೂ ಇಳಿಕೆಗೂ 14 ದಿನದ ಸಾದಾ ಸರಾಸರಿ ಬಳಸಲಿಲ್ಲ. ನಿನ್ನೆಯವರೆಗಿನ ಸರಾಸರಿಯನ್ನು 13ರಿಂದ ಗುಣಿಸು, ಇವತ್ತಿನ ಸಂಖ್ಯೆ ಸೇರಿಸು, 14ರಿಂದ ಭಾಗಿಸು ಅಂದ. ಕೈಯಲ್ಲಿ ಲೆಕ್ಕ ಹಾಕುವ ಕಾಲಕ್ಕೆ ಅನುಕೂಲ ಅದು, ನಿನ್ನೆಯ ಎರಡು ಸಂಖ್ಯೆ ನೆನಪಿದ್ದರೆ ಸಾಕು. ಆದರೆ ಇದರ ಪರಿಣಾಮ ಏನು? ಒಂದು ದೊಡ್ಡ ಕುಸಿತ ಲೆಕ್ಕದೊಳಗೆ ಹೊಕ್ಕರೆ ಬೇಗ ಹೊರಗೆ ಹೋಗುವುದೇ ಇಲ್ಲ. ಮನೆಗೆ ಬಂದ ನೆಂಟನ ಹಾಗೆ, ದಿನಕ್ಕೊಂದು ಚೂರು ಚೂರೇ ಹೊರಡುತ್ತದೆ.

ಜನವರಿ 17ನ್ನೇ ಇಟ್ಟುಕೊಂಡು ನೋಡೋಣ. ಹಿಂದಿನ ದಿನ ಸರಾಸರಿ ಏರಿಕೆ 9 ರೂಪಾಯಿ, ಸರಾಸರಿ ಇಳಿಕೆ 7 ರೂಪಾಯಿ ಅಂತ ಊಹಿಸಿಕೊಳ್ಳಿ. ಇದು ಲೆಕ್ಕಕ್ಕಾಗಿ ನಾನು ಹಿಡಿದ ಸಂಖ್ಯೆ. ಆರ್‌ಎಸ್‌ಐ 56. ಆರೋಗ್ಯವಂತ ಷೇರು ಅಲ್ವಾ? ಮರುದಿನ 142 ರೂಪಾಯಿ ಇಳಿತ. ಸರಾಸರಿ ಏರಿಕೆ 9ರಿಂದ 8.4ಕ್ಕೆ ಇಳಿಯುತ್ತದೆ. ಸರಾಸರಿ ಇಳಿಕೆ 7ರಿಂದ 16.6ಕ್ಕೆ ಜಿಗಿಯುತ್ತದೆ. ಆರ್‌ಎಸ್‌ಐ ಒಂದೇ ದಿನದಲ್ಲಿ 33. ಅದರ ಮರುದಿನ ಇನ್ನೊಂದು 50 ರೂಪಾಯಿ ಹೋದರೆ 29.

ಅಂದರೆ ಭಾವ ನೋಡಿದ ಆ ಓವರ್‌ಸೋಲ್ಡ್ ಹದಿನಾಲ್ಕು ದಿನ ಮಾರಿ ಮಾರಿ ಸುಸ್ತಾದವರ ಕತೆಯಲ್ಲ. ಹೆಚ್ಚಿನಂಶ ಒಂದೇ ದಿನದ ನೆರಳು. ಹತ್ತು ವಹಿವಾಟು ದಿನ ಕಳೆದ ಮೇಲೂ ಆ 142 ರೂಪಾಯಿಯ ಹೊಡೆತದಲ್ಲಿ ಹೆಚ್ಚುಕಡಿಮೆ ಅರ್ಧ ಲೆಕ್ಕದಲ್ಲಿ ಉಳಿದೇ ಇರುತ್ತದೆ. ಆಮೇಲೆ ಬೆಲೆ ಇನ್ನೂ ಸ್ವಲ್ಪ ಕೆಳಗೆ ಹೋದರೂ ಆರ್‌ಎಸ್‌ಐ ಮೊದಲಿನಷ್ಟು ಕೆಳಗೆ ಹೋಗದಿರಬಹುದು. ಚಾರ್ಟ್ ಪಂಡಿತರು ಇದಕ್ಕೆ ಡೈವರ್ಜೆನ್ಸ್ ಅಂತ ಹೆಸರಿಟ್ಟು, ತಿರುವಿನ ಸೂಚನೆ ಅನ್ನುತ್ತಾರೆ. ಬೆಲೆ ಹೊಸ ತಳ ಮುಟ್ಟಿದೆ, ಆರ್‌ಎಸ್‌ಐ ಮುಟ್ಟಿಲ್ಲ, ಮಾರುವವರ ಕಸುವು ಕುಗ್ಗಿದೆ ಎಂಬ ವಾದ. ನಿಧಾನವಾಗಿ ಇಳಿದ ಷೇರಿನಲ್ಲಿ ಈ ವಾದಕ್ಕೆ ತೂಕ ಇದೆ. ಫಲಿತಾಂಶದ ಮರುದಿನ ಧಡ್ ಅಂತ ಬಿದ್ದ ಷೇರಿನಲ್ಲಿ ಅದು ಬರೀ ಅಂಕಗಣಿತ ಆಗಿರಬಹುದು, ಹಳೇ ನೆರಳು ಕರಗಿದ್ದು ಅಷ್ಟೇ.

ಭಾವನಿಗೆ ನಾನು ಹೇಳಿದ್ದು, "ನಾಳೆಯೇ ಬೇಡ ಭಾವ, ಸ್ವಲ್ಪ ನೋಡುವ. ಷೇರು ಕಳೆದ 200 ದಿನದ ಸರಾಸರಿ ಬೆಲೆಗಿಂತ ಕೆಳಗೆ ಹೋಗಿದೆ" ಅಂತ. ಅವರು ಶುಕ್ರವಾರ ಬೆಳಗ್ಗೆಯೇ ಹಾಕಿದರು ಅನ್ನೋದು ಆಮೇಲೆ ಅಕ್ಕನ ಬಾಯಲ್ಲಿ ಗೊತ್ತಾಯಿತು. ಫೆಬ್ರವರಿ ಮಧ್ಯದ ಹೊತ್ತಿಗೆ ಷೇರು 1,363ರವರೆಗೂ ಹೋಗಿ ಬಂತು.

ಓವರ್‌ಸೋಲ್ಡ್ ಅನ್ನೋ ಮಾತನ್ನು ನಂಬಿ ಕೈಸುಟ್ಟುಕೊಳ್ಳೋದಕ್ಕೆ ಇದಕ್ಕಿಂತ ಘೋರ ಉದಾಹರಣೆ ಯೆಸ್ ಬ್ಯಾಂಕ್. 2018ರ ಆಗಸ್ಟ್‌ನಲ್ಲಿ 400 ರೂಪಾಯಿಯ ಹತ್ತಿರ ಇತ್ತು. 2020ರ ಮಾರ್ಚ್ 5ರಂದು ರಿಸರ್ವ್ ಬ್ಯಾಂಕ್ ನಿರ್ಬಂಧ ಹೇರಿ, ಖಾತೆಯಿಂದ 50 ಸಾವಿರಕ್ಕಿಂತ ಜಾಸ್ತಿ ತೆಗೆಯುವ ಹಾಗಿಲ್ಲ ಅಂದಿತು. ಮರುದಿನದ ವಹಿವಾಟಿನಲ್ಲಿ ಷೇರು 6 ರೂಪಾಯಿಗಿಂತ ಕೆಳಗೂ ಇಣುಕಿತು. 400ರಿಂದ 6ಕ್ಕೆ ಇಳಿಯುವ ದಾರಿಯಲ್ಲಿ ಆರ್‌ಎಸ್‌ಐ ಎಷ್ಟೋ ಸಲ 30ರ ಕೆಳಗೆ ಹೋಗಿ ಬಂದಿದೆ. ಪ್ರತಿ ಸಲವೂ "ಇನ್ನೆಷ್ಟು ಬಿದ್ದೀತು" ಅಂದವರಿದ್ದರು. ಬ್ಯಾಂಕಿನ ವಸೂಲಾಗದ ಸಾಲದ ಹೊಂಡ ಎಷ್ಟು ಆಳ ಅನ್ನೋದು ಬೆಲೆಯ ಚಾರ್ಟಿನಲ್ಲಿ ಬರೆದಿರುವುದಿಲ್ಲ.

ಮೇಲ್ಮುಖಕ್ಕೂ ಇದೇ ಮಾತು. ಎಸ್‌ಬಿಐ ಷೇರು 2020ರ ಅಕ್ಟೋಬರ್‌ನಲ್ಲಿ 200 ರೂಪಾಯಿಯ ಆಸುಪಾಸಿನಲ್ಲಿತ್ತು. 2021ರ ಫೆಬ್ರವರಿಯಲ್ಲಿ 400ರ ಗಡಿ ಮುಟ್ಟಿತು. ನಡುವೆ ಆರ್‌ಎಸ್‌ಐ 70 ದಾಟಿತು ಅಂತ ಮಾರಿದವರು ಅರ್ಧ ಹಬ್ಬದಲ್ಲೇ ಎದ್ದುಹೋದ ಹಾಗಾಯಿತು. ದೊಡ್ಡ ಬ್ಯಾಂಕು ಒಂದು ಸಲ ಗಟ್ಟಿಯಾಗಿ ತಿರುಗಿದರೆ 70ರ ಮೇಲಿನ ಆರ್‌ಎಸ್‌ಐ ಕಸುವಿನ ಗುರುತು, ಸುಸ್ತಿನದ್ದಲ್ಲ. ಅದಕ್ಕೇ ನಾನು 70–30ರ ಗೆರೆಗಿಂತ ಆರ್‌ಎಸ್‌ಐ ಯಾವ ಪಟ್ಟಿಯಲ್ಲಿ ಓಡಾಡುತ್ತಿದೆ ಅನ್ನೋದನ್ನು ಜಾಸ್ತಿ ನೋಡುತ್ತೇನೆ. ಏರುಕಾಲದಲ್ಲಿ ಅದು ಸಾಮಾನ್ಯವಾಗಿ 40ರಿಂದ 80ರ ನಡುವೆ ಇರುತ್ತದೆ, ಇಳಿದರೂ 40ರ ಹತ್ತಿರ ನಿಂತು ಮೇಲೇಳುತ್ತದೆ. ಇಳಿಗಾಲದಲ್ಲಿ 60 ದಾಟಲು ತಿಣುಕುತ್ತದೆ. ದಿನದ ಚಾರ್ಟಿಗಿಂತ ವಾರದ ಚಾರ್ಟಿನಲ್ಲಿ ಇದು ಇನ್ನೂ ಸ್ಪಷ್ಟ.

ಮ್ಯಾಕ್‌ಡಿ (MACD) ಎಂಬ ಇನ್ನೊಂದು ಮೊಮೆಂಟಮ್ ಸೂಚಕದ ಬಗ್ಗೆ ಚುಟುಕಾಗಿ ಹೇಳಿಬಿಡುತ್ತೇನೆ. 1970ರ ದಶಕದ ಕೊನೆಯಲ್ಲಿ ಜೆರಾಲ್ಡ್ ಅಪೆಲ್ ಕೊಟ್ಟ ಸೂಚಕ. ಬೆಲೆಯ 12 ದಿನದ ಸರಾಸರಿಯಿಂದ 26 ದಿನದ ಸರಾಸರಿ ಕಳೆಯಿರಿ, ಎರಡೂ ಹೊಸ ದಿನಗಳಿಗೆ ಜಾಸ್ತಿ ತೂಕ ಕೊಡುವ ಸರಾಸರಿಗಳು. ಇತ್ತೀಚಿನ ಬೆಲೆಗಳು ಹಳೆಯವಕ್ಕಿಂತ ಮೇಲಿದ್ದರೆ ಉತ್ತರ ಸೊನ್ನೆಯ ಮೇಲೆ. ಆ ಉತ್ತರದ್ದೇ 9 ದಿನದ ಸರಾಸರಿ ಸಿಗ್ನಲ್ ಗೆರೆ. ಉತ್ತರ ಈ ಗೆರೆಯನ್ನು ಮೇಲಕ್ಕೆ ದಾಟಿದಾಗ ಕೊಳ್ಳು, ಕೆಳಕ್ಕೆ ದಾಟಿದಾಗ ಮಾರು ಅನ್ನುತ್ತಾರೆ. ಬೆಲೆ ಒಂದೇ ದಿಕ್ಕಿಗೆ ಹೊರಟಾಗ ಚೆನ್ನಾಗಿ ಕೆಲಸ ಮಾಡುತ್ತದೆ, ಗಾಣದೆತ್ತಿನಂತೆ ಅಲ್ಲಲ್ಲೇ ಸುತ್ತುವಾಗ ಜೇಬು ಖಾಲಿ ಮಾಡಿಸುತ್ತದೆ. ಇನ್ನೊಂದು ವಿಷಯ, ಇದರ ಉತ್ತರ ರೂಪಾಯಿಯಲ್ಲಿರುತ್ತದೆ. 1,600 ರೂಪಾಯಿಯ ಷೇರಿನ ಮ್ಯಾಕ್‌ಡಿ 20, 800 ರೂಪಾಯಿಯ ಷೇರಿನದ್ದು 12 ಅಂದರೆ ಮೊದಲನೆಯದೇ ಜೋರು ಅಂತಲ್ಲ. ಬೆಲೆಯಿಂದ ಭಾಗಿಸಿ ನೋಡಿದರೆ ಎರಡನೆಯದರಲ್ಲೇ ಕಸುವು ಜಾಸ್ತಿ.

ನನ್ನ ಪ್ರಕಾರ ದೊಡ್ಡ ಬ್ಯಾಂಕನ್ನು ಅಳೆಯಲು ಇವೆರಡಕ್ಕಿಂತ ಉಪಯೋಗದ್ದು ಬೇರೆ. ಅದಕ್ಕೆ ಸಾಫ್ಟ್‌ವೇರೂ ಬೇಡ. ಆರು ತಿಂಗಳಲ್ಲಿ, ಒಂದು ವರ್ಷದಲ್ಲಿ ಈ ಷೇರು ಎಷ್ಟು ಏರಿದೆ, ಅದೇ ಹೊತ್ತಿನಲ್ಲಿ ಅದರ ಓರಗೆಯವು ಎಷ್ಟು ಏರಿವೆ? 1993ರಲ್ಲಿ ಜೇಗದೀಶ್ ಮತ್ತು ಟಿಟ್‌ಮನ್ ಎಂಬ ಇಬ್ಬರು ಅಮೆರಿಕದ ಷೇರುಗಳ ಮೇಲೆ ಮಾಡಿದ ಪ್ರಸಿದ್ಧ ಅಧ್ಯಯನವೂ ಇಂಥ ಹೋಲಿಕೆಯದ್ದೇ. ಹಿಂದಿನ 3ರಿಂದ 12 ತಿಂಗಳಲ್ಲಿ ಚೆನ್ನಾಗಿ ಓಡಿದ ಷೇರುಗಳು ಮುಂದಿನ ಕೆಲವು ತಿಂಗಳೂ, ಸರಾಸರಿಯಲ್ಲಿ, ಹಿಂದುಳಿದವಕ್ಕಿಂತ ಚೆನ್ನಾಗಿ ಓಡುತ್ತವೆ ಎಂದು ಅವರು ತೋರಿಸಿದರು. ನಮ್ಮ ಎನ್‌ಎಸ್‌ಇಯ ನಿಫ್ಟಿ 200 ಮೊಮೆಂಟಮ್ 30 ಸೂಚ್ಯಂಕವೂ ಷೇರುಗಳನ್ನು ಆರಿಸುವುದು ಆರು ಮತ್ತು ಹನ್ನೆರಡು ತಿಂಗಳ ಗಳಿಕೆ ನೋಡಿ. ಜಾಸ್ತಿ ಕುಣಿದಾಡುವ ಷೇರಿಗೆ ಅಂಕ ಕಡಿಮೆ ಸಿಗುವ ಹಾಗೆ ಸರಿದೂಗಿಸಿರುತ್ತಾರೆ.

ಈ ಕನ್ನಡಿಯಲ್ಲಿ ಎಚ್‌ಡಿಎಫ್‌ಸಿ ಬ್ಯಾಂಕ್ ಹೇಗೆ ಕಾಣುತ್ತಿತ್ತು? 2021ರ ಫೆಬ್ರವರಿಯಲ್ಲಿ ಷೇರು 1,600 ಮುಟ್ಟಿತ್ತು. ಮೂರು ವರ್ಷ ಕಳೆದು 2024ರ ಫೆಬ್ರವರಿಗೆ 1,400ರ ಆಸುಪಾಸು. ಲಾಭ ವರ್ಷದಿಂದ ವರ್ಷಕ್ಕೆ ಏರಿದರೂ ಷೇರು ನಿಂತಲ್ಲೇ ನಿಂತಿತ್ತು. ಅದೇ ಮೂರು ವರ್ಷದಲ್ಲಿ ಐಸಿಐಸಿಐ ಬ್ಯಾಂಕ್ 600ರ ಆಸುಪಾಸಿನಿಂದ 1,000 ದಾಟಿತು. ದಿನದ ಆರ್‌ಎಸ್‌ಐ ಈ ಮಧ್ಯೆ ಎಷ್ಟು ಸಲ ಮೇಲೆ ಕೆಳಗೆ ಆಡಿತೋ ಲೆಕ್ಕವಿಲ್ಲ. ಆದರೆ ಎರಡು ಬ್ಯಾಂಕುಗಳ ಬೆಲೆಯನ್ನು ಒಂದರಿಂದ ಒಂದನ್ನು ಭಾಗಿಸಿ ಗೆರೆ ಎಳೆದಿದ್ದರೆ ಸಾಕಿತ್ತು. ಯಾವ ಬಸ್ಸು ಘಾಟಿ ಹತ್ತುತ್ತಿದೆ, ಯಾವುದು ಉಸಿರು ಕಟ್ಟಿ ನಿಂತಿದೆ ಅಂತ ಅದರಲ್ಲೇ ಕಾಣುತ್ತಿತ್ತು.

ಹೋಲಿಸುವಾಗ ಒಂದು ಎಚ್ಚರ. ಬಹಳ ಜನ ಬ್ಯಾಂಕ್ ನಿಫ್ಟಿ, ಅಂದರೆ ದೊಡ್ಡ ಬ್ಯಾಂಕ್ ಷೇರುಗಳ ಸೂಚ್ಯಂಕದ ಜತೆ ಹೋಲಿಸುತ್ತಾರೆ. ಎಚ್‌ಡಿಎಫ್‌ಸಿ ಲಿಮಿಟೆಡ್ ಬ್ಯಾಂಕಿನಲ್ಲಿ ವಿಲೀನವಾದ ನಂತರದ ಆ ದಿನಗಳಲ್ಲಿ ಬ್ಯಾಂಕ್ ನಿಫ್ಟಿಯ ಕಾಲು ಭಾಗಕ್ಕೂ ಜಾಸ್ತಿ ತೂಕ ಎಚ್‌ಡಿಎಫ್‌ಸಿ ಬ್ಯಾಂಕಿನದ್ದೇ. ಅದು ಬಿದ್ದರೆ ಸೂಚ್ಯಂಕವೂ ಬೀಳುತ್ತದೆ. ಆಗ "ಎಲ್ಲವೂ ಬಿದ್ದಿದೆ, ಇದೊಂದೇ ಅಲ್ಲ" ಅಂತ ತಪ್ಪು ಸಮಾಧಾನ ಆಗುತ್ತದೆ. ತನ್ನ ನೆರಳಿನ ಜತೆ ತಾನೇ ಎತ್ತರ ಹೋಲಿಸಿದ ಹಾಗೆ. ಇನ್ನೊಂದು ದೊಡ್ಡ ಖಾಸಗಿ ಬ್ಯಾಂಕಿನ ಜತೆ, ಒಂದು ಸರ್ಕಾರಿ ಬ್ಯಾಂಕಿನ ಜತೆ ನೇರವಾಗಿ ಹೋಲಿಸಿ.

ಇನ್ನು ಘಾಟಿಯಲ್ಲಿ ಜರಿದ ಗುಡ್ಡದ ಮಾತು. ಅದು ನಿಜವಾಗಿಯೂ ಯಾರಿಗೂ ಕಾಣದ್ದಾಗಿತ್ತಾ?

ಇಲ್ಲ. 2023ರ ಜುಲೈ 1ರಂದು ಎಚ್‌ಡಿಎಫ್‌ಸಿ ಲಿಮಿಟೆಡ್ ಈ ಬ್ಯಾಂಕಿನಲ್ಲಿ ವಿಲೀನವಾಯಿತು. ಅದು ಗೃಹಸಾಲದ ಕಂಪನಿ. ಜತೆಗೆ ತಂದದ್ದು ರಾಶಿ ಸಾಲದ ಪುಸ್ತಕ, ಆದರೆ ಅದಕ್ಕೆ ತಕ್ಕಷ್ಟು ಠೇವಣಿ ಇಲ್ಲ. ಉಳಿತಾಯ ಖಾತೆಯ ಅಗ್ಗದ ದುಡ್ಡಿನ ಬದಲು ಮಾರುಕಟ್ಟೆಯಿಂದ ಎತ್ತಿದ ದುಬಾರಿ ದುಡ್ಡಿನಲ್ಲಿ ಅದು ಸಾಲ ಕೊಡುತ್ತಿತ್ತು. ಹಾಗಾಗಿ ವಿಲೀನಕ್ಕೆ ಮೊದಲು ಶೇಕಡಾ 4ರ ಮೇಲಿದ್ದ ಬ್ಯಾಂಕಿನ ಬಡ್ಡಿ ಮಾರ್ಜಿನ್ (ಸಾಲದಿಂದ ಬರುವ ಬಡ್ಡಿಗೂ ಎತ್ತಿದ ದುಡ್ಡಿಗೆ ಕೊಡುವ ಬಡ್ಡಿಗೂ ಇರುವ ಅಂತರ) 3.4ಕ್ಕೆ ಇಳಿದಿತ್ತು. ಠೇವಣಿ ಬೇಗ ಬೇಗ ಬೆಳೆದರೆ ಮಾರ್ಜಿನ್ ಮತ್ತೆ ಏರುತ್ತದೆ ಅನ್ನೋದು ಷೇರುದಾರರ ನಂಬಿಕೆ.

ದೊಡ್ಡ ಬ್ಯಾಂಕುಗಳಲ್ಲಿ ಹಲವು ತ್ರೈಮಾಸಿಕ ಮುಗಿದ ಕೆಲವೇ ದಿನಗಳಲ್ಲಿ ಠೇವಣಿ ಎಷ್ಟು, ಸಾಲ ಎಷ್ಟು ಅಂತ ಷೇರು ವಿನಿಮಯ ಕೇಂದ್ರಕ್ಕೆ ಒಂದು ಸಣ್ಣ ಹೇಳಿಕೆ ಕೊಡುತ್ತವೆ. 2024ರ ಜನವರಿ ಮೊದಲ ವಾರದಲ್ಲಿ ಬಂದ ಹೇಳಿಕೆಯ ಪ್ರಕಾರ ಬ್ಯಾಂಕಿನ ಠೇವಣಿ ಸುಮಾರು 22.14 ಲಕ್ಷ ಕೋಟಿ, ಹಿಂದಿನ ತ್ರೈಮಾಸಿಕಕ್ಕಿಂತ ಶೇಕಡಾ 2ರಷ್ಟೂ ಜಾಸ್ತಿಯಾಗಿರಲಿಲ್ಲ. ಸಾಲ ಸುಮಾರು 24.69 ಲಕ್ಷ ಕೋಟಿ, ಶೇಕಡಾ 5ರ ಹತ್ತಿರ ಬೆಳೆದಿತ್ತು. ಅಂದರೆ 100 ರೂಪಾಯಿ ಠೇವಣಿಗೆ 111 ರೂಪಾಯಿ ಸಾಲ, ಅದೂ ಅಂತರ ಹಿಗ್ಗುತ್ತಿರುವ ದಿಕ್ಕಿನಲ್ಲಿ. ಫಲಿತಾಂಶ ಬಂದದ್ದು ಇದಾಗಿ ಹತ್ತು ದಿನದ ಮೇಲೆ. ಮಾರ್ಜಿನ್ 3.4ರಲ್ಲೇ ನಿಂತಿದೆ ಅಂತ ಗೊತ್ತಾದ ರಾತ್ರಿಯೇ ಅಮೆರಿಕದಲ್ಲಿ ವಹಿವಾಟಾಗುವ ಬ್ಯಾಂಕಿನ ಎಡಿಆರ್ (ಅದರ ಷೇರುಗಳ ಬದಲಿಗೆ ಅಲ್ಲಿ ಮಾರಾಟವಾಗುವ ಪತ್ರ) ಬಿತ್ತು. ಬೆಳಗ್ಗೆ ಮುಂಬೈ ಸರದಿ. ಗುಡ್ಡ ಸಡಿಲವಾಗಿದೆ ಅಂತ ಬೋರ್ಡು ಹಾಕಿತ್ತು, ಓದಿದವರು ಕಡಿಮೆ.

ಹಾಗಾಗಿ ಬ್ಯಾಂಕ್ ಷೇರಿನ ಚಾರ್ಟಿನ ಪಕ್ಕ ಒಂದು ಕ್ಯಾಲೆಂಡರ್ ಇರಲೇಬೇಕು ಅನ್ನುವವನು ನಾನು. ಜನವರಿ, ಏಪ್ರಿಲ್, ಜುಲೈ, ಅಕ್ಟೋಬರ್ ಮೊದಲ ವಾರದ ಹೇಳಿಕೆ. ಅದೇ ತಿಂಗಳುಗಳ ಫಲಿತಾಂಶದ ದಿನ. ಎರಡು ತಿಂಗಳಿಗೊಮ್ಮೆ ರಿಸರ್ವ್ ಬ್ಯಾಂಕಿನ ಬಡ್ಡಿ ನಿರ್ಧಾರ. ಸರ್ಕಾರಿ ಬ್ಯಾಂಕಾದರೆ ಬಜೆಟ್ಟು, ಚುನಾವಣೆ ಕೂಡ. 2024ರ ಜೂನ್ 3ರಂದು ಚುನಾವಣಾ ಸಮೀಕ್ಷೆ ನಂಬಿ ಎಸ್‌ಬಿಐ 900 ದಾಟಿ ದಾಖಲೆ ಬರೆಯಿತು. ಮರುದಿನ ಮತ ಎಣಿಕೆಯಾಗುವಾಗ ಶೇಕಡಾ 14ರ ಹತ್ತಿರ ಬಿತ್ತು. ಜೂನ್ 3ರ ಸಂಜೆಯ ಯಾವ ಮೊಮೆಂಟಮ್ ಸೂಚಕ ನೋಡಿದರೂ ಎಲ್ಲ ಬಲು ಚೆಂದ ಕಾಣುತ್ತಿತ್ತು. ಇಂಥ ದಿನಗಳ ಹಿಂದುಮುಂದಿನ ಆರ್‌ಎಸ್‌ಐಗೆ ನಾನು ಅರ್ಧ ಬೆಲೆಯೂ ಕೊಡಲ್ಲ. ಈ ದಿನಾಂಕಗಳ ನಡುವಿನ ಸಪ್ಪೆ ವಾರಗಳಲ್ಲಿ, ಸುದ್ದಿಯೇನೂ ಇಲ್ಲದೆ ಷೇರು ತಾನಾಗಿ ಏರುತ್ತಿದ್ದರೆ ಅಥವಾ ಜಾರುತ್ತಿದ್ದರೆ, ಆಗ ಕಿವಿಗೊಡುತ್ತೇನೆ.

ಚಿಕ್ಕದಾದರೂ ಹೇಳಲೇಬೇಕಾದ ಒಂದು ವಿಷಯ ಉಳಿಯಿತು. ನಮ್ಮ ಕೆನರಾ ಬ್ಯಾಂಕ್ 2024ರ ಮೇ ತಿಂಗಳಲ್ಲಿ ಒಂದು ಷೇರನ್ನು ಐದಾಗಿ ಒಡೆಯಿತು. 500 ರೂಪಾಯಿಯ ಮೇಲಿದ್ದ ಬೆಲೆ ರಾತ್ರಿ ಕಳೆಯುವಷ್ಟರಲ್ಲಿ 100ರ ಚಿಲ್ಲರೆಗೆ ಬಂತು. ಕಳೆದುಕೊಂಡವರು ಯಾರೂ ಇಲ್ಲ. ಆದರೆ ನೀವು ಎಕ್ಸೆಲ್‌ನಲ್ಲಿ ಸ್ವಂತ ಲೆಕ್ಕ ಇಡುವವರಾಗಿದ್ದು ಹಳೇ ಬೆಲೆಗಳನ್ನು ಐದರಿಂದ ಭಾಗಿಸಲು ಮರೆತರೆ, ಆರ್‌ಎಸ್‌ಐ ಪಾತಾಳಕ್ಕೆ ಹೋಗಿ ವಾರಗಟ್ಟಲೆ ಅಲ್ಲೇ ಬಿದ್ದಿರುತ್ತದೆ. ಆಮೇಲೆ "ಕೆನರಾ ಭಾರೀ ಓವರ್‌ಸೋಲ್ಡ್" ಅಂತ ವಾಟ್ಸಾಪಿನಲ್ಲಿ ಕಳಿಸುವವರೂ ನೀವೇ ಆಗುತ್ತೀರಿ.

ಎಚ್‌ಡಿಎಫ್‌ಸಿ ಬ್ಯಾಂಕಿನ ಕತೆಗೆ ಮರಳಿದರೆ, ಫೆಬ್ರವರಿಯ 1,363ರಿಂದ ಷೇರು ಮೆಲ್ಲಗೆ ಮೇಲೆದ್ದಿತು. ಬ್ಯಾಂಕಿನಲ್ಲಿ ವಿದೇಶಿಯರ ಪಾಲು ಇಳಿದಿದೆ, ಹಾಗಾಗಿ ಅವರು ಇನ್ನೂ ಕೊಳ್ಳಲು ಜಾಗ ಇದೆ, ವಿದೇಶಿ ಫಂಡುಗಳು ಅನುಸರಿಸುವ ಎಂಎಸ್‌ಸಿಐ ಸೂಚ್ಯಂಕದಲ್ಲಿ ಅದರ ತೂಕ ಹೆಚ್ಚುತ್ತದೆ ಎಂಬ ನಿರೀಕ್ಷೆಯಲ್ಲಿ ಜುಲೈ 3ರಂದು 1,790 ದಾಟಿ ಹೊಸ ದಾಖಲೆ ಮಾಡಿತು. ಭಾವ ಆ ದಿನ ಫೋನ್ ಮಾಡಿ, "ಈಗ ಓವರ್‌ಬಾಟ್ ಅಂತ ತೋರಿಸ್ತಾ ಉಂಟು, ಮಾರ್ಲಾ?" ಅಂದರು. ನಾನು ಆರ್‌ಎಸ್‌ಐ ಬಿಟ್ಟು ತಾರೀಕು ನೋಡಿದೆ. ಜುಲೈ ಮೊದಲ ವಾರ. ಹೇಳಿಕೆ ಬರುವ ಹೊತ್ತು. ಬಂತು ಕೂಡ, ಸಾಲ ಹಿಂದಿನ ತ್ರೈಮಾಸಿಕಕ್ಕಿಂತ ತುಸು ಇಳಿದಿತ್ತು, ಠೇವಣಿ ಇದ್ದಲ್ಲೇ ಇತ್ತು. ಜುಲೈ 5ರಂದು ಷೇರು ಶೇಕಡಾ 4ಕ್ಕೂ ಹೆಚ್ಚು ಬಿತ್ತು. ಭಾವ ಅಷ್ಟರಲ್ಲಿ ಅರ್ಧ ಮಾರಿದ್ದರು. ಉಳಿದ ಅರ್ಧ ಇಟ್ಟುಕೊಂಡದ್ದಕ್ಕೆ ನವೆಂಬರ್‌ನಲ್ಲಿ ಷೇರು 1,800 ದಾಟಿದಾಗ ಅವರಿಗೆ ಖುಷಿಯೋ ಖುಷಿ. ಮಾರಿದ ಅರ್ಧದ ಬಗ್ಗೆ ಮಾತ್ರ ಅಕ್ಕನ ಹತ್ತಿರ ಇವತ್ತಿಗೂ ಗೊಣಗುತ್ತಾರಂತೆ.